ಸ್ನಾಯುಬಲ, ಬಲದ ಅರಿವು ಮತ್ತು ವಂಶವಾಹಿಗಳ ಚಟುವಟಿಕೆ

ದೇಹದ ಸ್ನಾಯುಗಳು ಬಲವನ್ನು ಹುಟ್ಟಿಸುತ್ತವೆ. ಹುಟ್ಟಿಸಿದ ಬಲ ಎಷ್ಟೆಂದು ಅಳೆದು ಮಿದುಳಿಗೆ ತಿಳಿಸುತ್ತವೆ. ಮೊದಲನೆಯದು ಸ್ನಾಯುಬಲ, ಎರಡನೆಯದು ಬಲದ ಅರಿವು. ಎರಡರ ಹಿಂದೆಯೂ ಸ್ನಾಯುಕೋಶ ಮತ್ತು ನರಕೋಶಗಳಲ್ಲಿ ನಡೆಯುವ ವಂಶವಾಹಿಗಳ, ಅಂದರೆ ಜೀನ್‌ಗಳ, ಚಟುವಟಿಕೆಯಿದೆ. ಡಿಎನ್‌ಎಯಲ್ಲಿರುವ ಒಂದು ವಂಶವಾಹಿಯ ಬರಹ ಆರ್‌ಎನ್‌ಎಗೆ ನಕಲಾಗಿ, ಆ ನಕಲಿನಂತೆ ಪ್ರೋಟೀನ್ ತಯಾರಾಗುತ್ತಿದ್ದರೆ ಆ ವಂಶವಾಹಿ ಚಟುವಟಿಕೆಯಿಂದಿದೆ ಎನ್ನುತ್ತಾರೆ. ಒಬ್ಬ ವ್ಯಕ್ತಿಯ ಕಣ್ಣಿನ ಕೋಶದಲ್ಲೂ ತೊಡೆಯ ಕೋಶದಲ್ಲೂ ಇರುವ ವಂಶವಾಹಿಗಳು ಅವೇ. ಯಾವುದು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡುತ್ತದೆ ಎಂಬುದರಿಂದ ಒಂದು ಕೋಶ ಕಣ್ಣಿನದಾಗುತ್ತದೆ, ಇನ್ನೊಂದು ತೊಡೆಯದಾಗುತ್ತದೆ.

ಬಲಶಾಲಿಗಳ ಮನೆತನದಲ್ಲಿ ಬಲಶಾಲಿಗಳೇ ಹುಟ್ಟುತ್ತಾರೆಂಬ ನಂಬಿಕೆ ಹಳೆಯದು. ಅದರಲ್ಲಿ ಸತ್ಯಾಂಶ ಇದ್ದೇ ಇದೆ. ಆದರೆ ಕಳೆದ ಆರೇಳು ದಶಕಗಳ ಸಂಶೋಧನೆ ಅದಕ್ಕಿಂತ ದೊಡ್ಡ ಸಂಗತಿಯನ್ನು ತೋರಿಸಿಕೊಟ್ಟಿದೆ. ವಂಶವಾಹಿಗಳು ಸ್ನಾಯುವನ್ನು ರೂಪಿಸುತ್ತವೆ. ಅಷ್ಟೇ ಮಟ್ಟಿಗೆ ನರದಿಂದ ಬರುವ ಸಂದೇಶ, ಹೊತ್ತ ಭಾರ, ತಿಂದ ಆಹಾರ, ಮಲಗಿ ಕಳೆದ ದಿನಗಳು ಆ ವಂಶವಾಹಿಗಳ ಕೆಲಸವನ್ನು ರೂಪಿಸುತ್ತವೆ. ಬಲವನ್ನು ಗ್ರಹಿಸುವ ಅಂಗಗಳು ಕೆಟ್ಟರೆ ಎಷ್ಟು ದಪ್ಪನೆಯ ಸ್ನಾಯು ಇದ್ದರೂ ಅದು ಉಪಯೋಗಕ್ಕೆ ಬರುವುದು ಕಡಿಮೆ ಎಂಬುದೂ ಈಗ ಸ್ಪಷ್ಟವಾಗಿದೆ.

ಬಲ ಹುಟ್ಟುವ ಬಗೆ

1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಒಂದನ್ನು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಬರೆದಿದ್ದರು, ಇನ್ನೊಂದನ್ನು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಈ ಇಬ್ಬರು ಹಕ್ಸ್‌ಲಿಗಳು ಸಂಬಂಧಿಕರಲ್ಲ. ಸ್ನಾಯು ಸಂಕುಚಿಸುವಾಗ ಅದರ ಒಳಗಿನ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರ ಮೇಲೊಂದು ಜಾರುತ್ತವೆ ಎಂದು ಇಬ್ಬರೂ ಬೇರೆ ಬೇರೆ ದಾರಿಯಿಂದ ಕಂಡುಕೊಂಡಿದ್ದರು. ದಪ್ಪ ಎಳೆಯಲ್ಲಿರುವ ಮಯೋಸಿನ್ ಎಂಬ ಪ್ರೋಟೀನ್, ತೆಳು ಎಳೆಯಲ್ಲಿರುವ ಆಕ್ಟಿನ್ನನ್ನು ಹಿಡಿದು ಎಳೆಯುತ್ತದೆ. ಇವುಗಳ ಉದ್ದಕ್ಕೂ ಟೈಟಿನ್ ಎಂಬ, ಮನುಷ್ಯ ದೇಹದಲ್ಲೇ ಅತಿ ದೊಡ್ಡದಾದ ಪ್ರೋಟೀನ್ ಹಬ್ಬಿಕೊಂಡು, ಹಿಗ್ಗಿದ ಸ್ನಾಯುವನ್ನು ಮತ್ತೆ ತನ್ನ ಅಳತೆಗೆ ತರುತ್ತದೆ. ಇಂಥ ಒಂದೊಂದು ಪ್ರೋಟೀನಿಗೂ ಅದರದೇ ವಂಶವಾಹಿ ಇದೆ.

ಮಯೋಸಿನ್ ಒಂದೇ ಬಗೆಯದಲ್ಲ. ಎಂವೈಎಚ್-7 ಎಂಬ ವಂಶವಾಹಿ ಕೆಲಸ ಮಾಡುವ ಸ್ನಾಯುತಂತುಗಳು ನಿಧಾನವಾಗಿ ಎಳೆಯುತ್ತವೆ, ಬೇಗ ದಣಿಯುವುದಿಲ್ಲ. ದಿನವಿಡೀ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಮೀನಖಂಡದ ಆಳದ ಸ್ನಾಯುವಿನಲ್ಲಿ ಇಂಥವೇ ಹೆಚ್ಚು. ಎಂವೈಎಚ್-2, ಎಂವೈಎಚ್-1 ಕೆಲಸ ಮಾಡುವ ತಂತುಗಳು ವೇಗದವು. ಜಿಗಿತಕ್ಕೆ, ಕುಸ್ತಿಯ ಪಟ್ಟಿಗೆ, ಕಲ್ಲು ಎತ್ತುವುದಕ್ಕೆ ಬೇಕಾದವು. ಇಲಿಗಳಲ್ಲಿ ಇನ್ನೂ ವೇಗದ ಎಂವೈಎಚ್-4 ಇದೆ. ಮನುಷ್ಯನಲ್ಲೂ ಆ ವಂಶವಾಹಿ ಉಳಿದಿದೆ, ಆದರೆ ನಮ್ಮ ಕೈಕಾಲಿನ ಸ್ನಾಯುಗಳಲ್ಲಿ ಅದರ ಪ್ರೋಟೀನ್ ಕಾಣಸಿಗುವುದಿಲ್ಲ.

ಯಾವ ತಂತು ಯಾವ ಮಯೋಸಿನ್ ತಯಾರಿಸಬೇಕೆಂದು ನಿರ್ಧರಿಸುವವರು ಯಾರು? 1960ರಲ್ಲಿ ಆರ್ಥರ್ ಬುಲ್ಲರ್, ಜಾನ್ ಎಕ್ಲೆಸ್ ಮತ್ತು ಅವರ ಮಗಳು ರೋಸಮಂಡ್ ಎಕ್ಲೆಸ್ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಅವರು ಬೆಕ್ಕಿನ ಕಾಲಿನಲ್ಲಿ ವೇಗದ ಸ್ನಾಯುವಿಗೆ ಹೋಗುವ ನರವನ್ನು ನಿಧಾನದ ಸ್ನಾಯುವಿಗೂ, ನಿಧಾನದ ನರವನ್ನು ವೇಗದ ಸ್ನಾಯುವಿಗೂ ಅದಲುಬದಲು ಮಾಡಿ ಜೋಡಿಸಿದರು. ನರಗಳು ಹೊಸ ಜಾಗದಲ್ಲಿ ಬೇರೂರಿದ ಮೇಲೆ ನೋಡಿದರೆ ನಿಧಾನದ ಸ್ನಾಯು ಚುರುಕಾಗಿತ್ತು, ವೇಗದ್ದು ಮಂದವಾಗಿತ್ತು. ಸ್ನಾಯುವಿನ ಸ್ವಭಾವ ಹುಟ್ಟಿನಿಂದಲೇ ಗಟ್ಟಿಯಾಗಿ ಬರೆದಿಟ್ಟದ್ದು ಎಂಬ ಎಣಿಕೆ ಅಲ್ಲಿಗೆ ಸಡಿಲವಾಯಿತು. ಮುಂದೆ 1998ರಲ್ಲಿ ಅಮೆರಿಕದ ಡಲ್ಲಾಸಿನ ಸಂಶೋಧಕರು ಇದರ ಒಳದಾರಿಯನ್ನು ಗುರುತಿಸಿದರು. ನಿಧಾನದ ನರ ಬಿಡದೆ ಸಣ್ಣಸಣ್ಣ ಸಂದೇಶ ಕಳಿಸುತ್ತಿದ್ದರೆ ತಂತುವಿನಲ್ಲಿ ಕ್ಯಾಲ್ಸಿಯಂ ಮಟ್ಟ ಬಹುಹೊತ್ತು ಏರಿಯೇ ಇರುತ್ತದೆ. ಅದರಿಂದ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಎಚ್ಚೆತ್ತು, ಎನ್‌ಫ್ಯಾಟ್ ಎಂಬ ಪ್ರೋಟೀನನ್ನು ಕೋಶಕೇಂದ್ರದೊಳಕ್ಕೆ ಕಳಿಸಿ, ನಿಧಾನ ತಂತುವಿನ ವಂಶವಾಹಿಗಳನ್ನು ಚಾಲೂ ಮಾಡುತ್ತದೆ.

ಒಂದೇ ತಂತುವಿನೊಳಗೂ ವಂಶವಾಹಿಗಳ ಚಟುವಟಿಕೆ ಎಲ್ಲೆಡೆ ಸಮನಾಗಿರುವುದಿಲ್ಲ. ಸ್ನಾಯುತಂತು ಅನೇಕ ಕೋಶಗಳು ಬೆಸೆದು ಆದದ್ದು, ಅದರಲ್ಲಿ ನೂರಾರು ಕೋಶಕೇಂದ್ರಗಳಿರುತ್ತವೆ. ನರದ ತುದಿ ಬಂದು ಮುಟ್ಟುವ ಜಾಗದ ಕೆಳಗಿರುವ ಕೆಲವೇ ಕೋಶಕೇಂದ್ರಗಳು, ನರದ ಸಂದೇಶ ಪಡೆಯುವ ಅಸಿಟೈಲ್‌ಕೋಲಿನ್ ಗ್ರಾಹಕದ ವಂಶವಾಹಿಗಳನ್ನು ನಡೆಸುತ್ತವೆ, ಉಳಿದವು ಅವನ್ನು ಮುಚ್ಚಿಟ್ಟಿರುತ್ತವೆ. ನರ ತುಂಡಾದರೆ ಆ ಮುಚ್ಚುಗೆ ತೆರೆದು, ತಂತುವಿನ ಉದ್ದಕ್ಕೂ ಗ್ರಾಹಕಗಳು ಹುಟ್ಟಿಕೊಳ್ಳುತ್ತವೆ. ಸ್ನಾಯು ನರಕ್ಕಾಗಿ ಹುಡುಕುತ್ತದೆ ಎಂದೇ ಇದನ್ನು ಓದಬಹುದು.

ಬೇರೆ ಬಗೆಯ ಅನೇಕ ಕೋಶಗಳನ್ನು ಸ್ನಾಯುಕೋಶಗಳನ್ನಾಗಿ ತಿರುಗಿಸಬಲ್ಲ ಒಡೆಯ ವಂಶವಾಹಿಯೂ ಇದೆ. 1987ರಲ್ಲಿ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ ಮಯೋಡಿ ಎಂಬ ಒಂದೇ ವಂಶವಾಹಿಯನ್ನು ನಾರುಕೋಶಗಳಲ್ಲಿ ನಡೆಸಿದಾಗ ಅವು ಸ್ನಾಯುಕೋಶಗಳಾಗಿ ಬದಲಾದವು.

ಭಾರ ಹೊತ್ತಾಗ ಆಗುವುದು

ಗರಡಿಯಲ್ಲಿ ಹೊಸದಾಗಿ ಸಾಮು ಕಲಿಯಲು ಸೇರಿದ ಹುಡುಗ ಮೊದಲ ಕೆಲವು ವಾರಗಳಲ್ಲೇ ಹಿಂದಿಗಿಂತ ಹೆಚ್ಚು ದಂಡ, ಹೆಚ್ಚು ಬಸ್ಕಿ ಹೊಡೆಯುತ್ತಾನೆ. ಟೇಪು ಹಿಡಿದು ಅಳೆದರೆ ತೋಳು ಮೊದಲಿನಷ್ಟೇ ಇರುತ್ತದೆ. 1979ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ತೋರಿಸಿದಂತೆ, ಆರಂಭದ ಈ ಗಳಿಕೆ ಹೆಚ್ಚಾಗಿ ನರಮಂಡಲದ್ದು: ಇದ್ದ ತಂತುಗಳನ್ನೇ ಮಿದುಳು ಮತ್ತು ಬೆನ್ನುಹುರಿ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಒಗ್ಗಟ್ಟಿನಿಂದ ದುಡಿಸಲು ಕಲಿಯುತ್ತವೆ. ಸ್ನಾಯು ದಪ್ಪವಾಗುವುದು ಆಮೇಲೆ.

ಆದರೆ ಸ್ನಾಯುವಿನ ವಂಶವಾಹಿಗಳು ಮೊದಲ ದಿನದಿಂದಲೇ ಎಚ್ಚೆತ್ತಿರುತ್ತವೆ. ವ್ಯಾಯಾಮ ಮುಗಿದ ಕೆಲವು ಗಂಟೆಗಳಲ್ಲಿ ಪಿಜಿಸಿ-1 ಆಲ್ಫಾ ಎಂಬ ವಂಶವಾಹಿಯ ಆರ್‌ಎನ್‌ಎ ಪ್ರಮಾಣ ಹಲವು ಪಟ್ಟು ಏರುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳನ್ನು ಹೆಚ್ಚಿಸುವ ಕೆಲಸ ಇದರದು. 2012ರಲ್ಲಿ ಸ್ವೀಡನ್ನಿನ ಕ್ಯಾರೋಲಿನ್‌ಸ್ಕಾ ಸಂಸ್ಥೆಯ ಜೂಲೀನ್ ಜೀರತ್ ಅವರ ತಂಡ, ವ್ಯಾಯಾಮದ ರೂಢಿಯಿಲ್ಲದ ಗಂಡಸರು ಮತ್ತು ಹೆಂಗಸರ ತೊಡೆಯಿಂದ ಸಣ್ಣ ಸ್ನಾಯು ತುಣುಕುಗಳನ್ನು ತೆಗೆದು ನೋಡಿತು. ಒಂದೇ ಒಂದು ಸಲ ಬಿರುಸಾಗಿ ಸೈಕಲ್ ತುಳಿದದ್ದಕ್ಕೇ ಇಂಥ ವಂಶವಾಹಿಗಳ ಆರಂಭದ ಭಾಗಕ್ಕೆ ಅಂಟಿದ್ದ ಮೀಥೈಲ್ ಗುರುತುಗಳು ಕಡಿಮೆಯಾಗಿದ್ದವು. ಮೀಥೈಲ್ ಗುರುತು ಸಾಮಾನ್ಯವಾಗಿ ವಂಶವಾಹಿಯನ್ನು ಸುಮ್ಮನಿರಿಸುತ್ತದೆ. ಅದು ಕಳಚಿದರೆ ಓದು ಸಲೀಸು. ವ್ಯಾಯಾಮ ಬಿರುಸಾದಷ್ಟೂ ಬದಲಾವಣೆ ಹೆಚ್ಚಿತ್ತು.

ಭಾರ ಎತ್ತುವ ವ್ಯಾಯಾಮದಲ್ಲಿ ಎಂಟಾರ್ ಎಂಬ ಕಿಣ್ವದ ಹಾದಿ ಮುಖ್ಯವಾಗುತ್ತದೆ. ಪ್ರೋಟೀನ್ ತಯಾರಿಕೆಯನ್ನು ಅದು ಚುರುಕುಗೊಳಿಸುತ್ತದೆ. ಇದಕ್ಕೆ ಎದುರು ದಿಕ್ಕಿನ ಕೆಲಸವೂ ಇದೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒಂದೂವರೆ ತಿಂಗಳು ಕೂತವರು ಪ್ಲಾಸ್ಟರ್ ಬಿಚ್ಚಿದ ದಿನ ತಮ್ಮದೇ ಕಾಲನ್ನು ನೋಡಿ ಗಾಬರಿಯಾಗುತ್ತಾರೆ. ಅಷ್ಟು ಬೇಗ ಕಾಲು ಸೊರಗುವುದಕ್ಕೆ ಬರೀ ತಯಾರಿಕೆ ನಿಂತದ್ದೇ ಕಾರಣವಲ್ಲ. ಇದ್ದ ಪ್ರೋಟೀನನ್ನು ಕಡಿದು ಹಾಕುವ ಕೆಲಸವೂ ಸೇರಿಕೊಳ್ಳುತ್ತದೆ. 2001ರಲ್ಲಿ ಗುರುತಿಸಲಾದ ಮರ್ಫ್-1 ಮತ್ತು ಅಟ್ರೋಜಿನ್-1 ಎಂಬ ಎರಡು ವಂಶವಾಹಿಗಳು ಬಳಕೆ ನಿಂತಾಗ, ನರ ತುಂಡಾದಾಗ, ಉಪವಾಸದಲ್ಲಿ, ಕ್ಯಾನ್ಸರಿನಲ್ಲಿ ಏರುತ್ತವೆ. ಯಾವ ಪ್ರೋಟೀನನ್ನು ಒಡೆಯಬೇಕೆಂದು ಅವು ಗುರುತು ಹಾಕಿಕೊಡುತ್ತವೆ.

ಹಿಂದೆ ಸಾಮು ಮಾಡಿದ್ದವರು ಎಷ್ಟೋ ಕಾಲ ಬಿಟ್ಟು ಮತ್ತೆ ಶುರುಮಾಡಿದರೆ ಮೈ ಬೇಗ ಕೂಡುತ್ತದೆ ಎಂಬುದು ಪೈಲ್ವಾನರ ಅನುಭವ. ನಾರ್ವೆಯ ಕ್ರಿಸ್ಟಿಯಾನ್ ಗುಂಡರ್ಸನ್ ಅವರ ತಂಡ 2010ರಲ್ಲಿ ಇಲಿಗಳ ಮೇಲಿನ ಕೆಲಸದಿಂದ, ದಪ್ಪವಾಗುವಾಗ ಸೇರಿಕೊಂಡ ಹೆಚ್ಚುವರಿ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಉಳಿಯುತ್ತವೆ ಎಂದಿತು. ಮನುಷ್ಯರಲ್ಲಿ ಇದು ಹೀಗೆಯೇ ಎಂಬುದರ ಬಗ್ಗೆ ಒಮ್ಮತವಿಲ್ಲ. 2018ರಲ್ಲಿ ಬ್ರಿಟನ್ನಿನ ಆಡಂ ಶಾರ್ಪಲ್ಸ್ ಅವರ ತಂಡ 8 ಯುವಕರಿಗೆ 7 ವಾರ ಭಾರ ಎತ್ತಿಸಿ, 7 ವಾರ ಬಿಡಿಸಿ, ಮತ್ತೆ 7 ವಾರ ಎತ್ತಿಸಿತು. ಮೊದಲ ಸುತ್ತಿನಲ್ಲಿ ಕಳಚಿದ ಕೆಲವು ಮೀಥೈಲ್ ಗುರುತುಗಳು ಬಿಡುವಿನಲ್ಲೂ ಮರಳಿ ಬಂದಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಆ ವಂಶವಾಹಿಗಳು ಇನ್ನೂ ಚುರುಕಾಗಿ ಕೆಲಸ ಮಾಡಿದವು. ಎಂಟು ಜನರ ಅಧ್ಯಯನ ಚಿಕ್ಕದು ನಿಜ, ಆದರೆ ಪೈಲ್ವಾನರ ಮಾತಿಗೆ ಇದು ಗಟ್ಟಿಯಾದ ಬೆಂಬಲ.

ಹುಟ್ಟಿನಿಂದ ಬಂದ ವ್ಯತ್ಯಾಸ

ಅವಳಿಜವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ನಾಯುಬಲದ ವ್ಯತ್ಯಾಸದಲ್ಲಿ ಸರಿಸುಮಾರು ಅರ್ಧದಷ್ಟು ವಂಶವಾಹಿಗಳ ವ್ಯತ್ಯಾಸಕ್ಕೆ ಸಲ್ಲುತ್ತದೆ. ವಯಸ್ಸು, ಸ್ನಾಯು, ಅಳೆಯುವ ವಿಧಾನ ಬದಲಾದಂತೆ ಈ ಅಂದಾಜು ಏರಿಳಿಯುತ್ತದೆ. ಆ ಅರ್ಧ ಎಲ್ಲಿದೆ ಎಂದು ಹುಡುಕಲು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 1,95,180 ಜನರ ಕೈ ಹಿಡಿತದ ಬಲವನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಲಾಯಿತು. ಸಿಕ್ಕಿದ್ದು 16 ಜಾಗಗಳು, ಒಂದೊಂದರ ಪಾಲೂ ಅತ್ಯಲ್ಪ. ಕುತೂಹಲದ ಸಂಗತಿಯೆಂದರೆ ಅವೆಲ್ಲ ಸ್ನಾಯುವಿನ ವಂಶವಾಹಿಗಳಾಗಿರಲಿಲ್ಲ. ತಂತುವಿನ ರಚನೆಗೆ ಸೇರಿದವುಗಳ ಜೊತೆಗೆ ನರಕೋಶಗಳ ಪಾಲನೆಗೂ ಸಂದೇಶ ರವಾನೆಗೂ ಸೇರಿದವಿದ್ದವು. ‘ಬಲದ ಜೀನ್’ ಎಂಬ ಒಂದು ವಸ್ತು ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಆದರೂ ಎರಡು ವಂಶವಾಹಿಗಳು ಪ್ರತ್ಯೇಕ ಮಾತಿಗೆ ಅರ್ಹ. ಮೊದಲನೆಯದು ಎಸಿಟಿಎನ್-3. ಇದು ವೇಗದ ತಂತುಗಳಲ್ಲಿ ಮಾತ್ರ ಇರುವ ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನಿನ ವಂಶವಾಹಿ. 1999ರಲ್ಲಿ ಆಸ್ಟ್ರೇಲಿಯಾದ ಕ್ಯಾಥರಿನ್ ನಾರ್ತ್ ಅವರ ತಂಡ, ಆರೋಗ್ಯವಂತರಲ್ಲೇ ಅನೇಕರಿಗೆ ಈ ಪ್ರೋಟೀನ್ ಇಲ್ಲವೇ ಇಲ್ಲ ಎಂದು ಕಂಡುಕೊಂಡಿತು. ವಂಶವಾಹಿಯ ನಡುವೆ ಬಂದ ಒಂದು ಅಕ್ಷರದ ಬದಲಾವಣೆಯಿಂದ ಪ್ರೋಟೀನ್ ತಯಾರಿಕೆ ಅರ್ಧಕ್ಕೇ ನಿಲ್ಲುತ್ತದೆ. ತಾಯಿತಂದೆ ಇಬ್ಬರಿಂದಲೂ ಈ ರೂಪ ಪಡೆದವರು ಪ್ರಪಂಚದಲ್ಲಿ 100 ಕೋಟಿಗೂ ಹೆಚ್ಚು. 2003ರಲ್ಲಿ ಅದೇ ತಂಡ ಆಸ್ಟ್ರೇಲಿಯಾದ ಕ್ರೀಡಾಪಟುಗಳನ್ನು ಪರೀಕ್ಷಿಸಿದಾಗ, ಒಲಿಂಪಿಕ್ಸ್ ಮಟ್ಟದ ವೇಗ ಮತ್ತು ಬಲದ ಪಟುಗಳಲ್ಲಿ ಇಂಥವರು ಒಬ್ಬರೂ ಇರಲಿಲ್ಲ. ಪತ್ರಿಕೆಗಳು ಇದನ್ನು ‘ವೇಗದ ಜೀನ್’ ಎಂದು ಕರೆದವು. ನಾಲ್ಕು ವರ್ಷದ ಮೇಲೆ ಈ ಪ್ರೋಟೀನ್ ಇಲ್ಲದೆಯೇ ಒಲಿಂಪಿಕ್ಸ್‌ನಲ್ಲಿ ಉದ್ದ ಜಿಗಿತಕ್ಕೆ ಇಳಿದ ಸ್ಪೇನಿನ ಪಟುವೊಬ್ಬನ ವರದಿ ಬಂತು. ಸಾಮಾನ್ಯ ಜನರಲ್ಲಿ ಇದು ವಿವರಿಸುವುದು ಸ್ನಾಯುಬಲದ ವ್ಯತ್ಯಾಸದ ಶೇ. 2–3ರಷ್ಟನ್ನು ಮಾತ್ರ. ಇಷ್ಟು ಜನರಲ್ಲಿ ಈ ರೂಪ ಏಕೆ ಉಳಿದುಬಂತು ಎಂಬುದಕ್ಕೆ 2021ರ ಅಧ್ಯಯನವೊಂದು ಸುಳಿವು ಕೊಟ್ಟಿದೆ. 14 ಡಿಗ್ರಿ ನೀರಿನಲ್ಲಿ ಕುಳ್ಳಿರಿಸಿದಾಗ ಈ ಪ್ರೋಟೀನ್ ಇಲ್ಲದವರು ಮೈಯ ಬಿಸುಪನ್ನು ಹೆಚ್ಚು ಚೆನ್ನಾಗಿ ಕಾಪಾಡಿಕೊಂಡರು.

ಎರಡನೆಯದು ಮಯೋಸ್ಟಾಟಿನ್, ಸ್ನಾಯುವಿನ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನ್. 1997ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಲೆಕ್ಸಾಂಡ್ರಾ ಮೆಕ್‌ಫೆರಾನ್ ಮತ್ತು ಸೆ-ಜಿನ್ ಲೀ ಇದರ ವಂಶವಾಹಿಯನ್ನು ಕಿತ್ತುಹಾಕಿದ ಇಲಿಗಳಲ್ಲಿ ಸ್ನಾಯುಗಳು ಎರಡು ಮೂರು ಪಟ್ಟು ಬೆಳೆದವು. ಬೆಲ್ಜಿಯನ್ ಬ್ಲೂ ತಳಿಯ ದನಗಳ ಉಬ್ಬಿದ ಮೈಯ ಗುಟ್ಟೂ ಅದೇ ವರ್ಷ ಹೊರಬಿತ್ತು: ಇದೇ ವಂಶವಾಹಿಯಲ್ಲಿ 11 ಅಕ್ಷರಗಳ ನಷ್ಟ. ಆ ದನಗಳ ಕರುಗಳು ಎಷ್ಟು ದಪ್ಪವಾಗಿರುತ್ತವೆಂದರೆ ಹೆಚ್ಚಿನ ಹೆರಿಗೆ ಸಿಸೇರಿಯನ್ ಮೂಲಕವೇ ಆಗಬೇಕು. 2004ರಲ್ಲಿ ಜರ್ಮನಿಯ ಒಂದು ಮಗುವಿನ ವರದಿ ಬಂತು. ಎರಡೂ ಪ್ರತಿಗಳಲ್ಲಿ ಮಯೋಸ್ಟಾಟಿನ್ ಕೆಟ್ಟಿದ್ದ ಆ ಹುಡುಗ ನಾಲ್ಕೂವರೆ ವರ್ಷಕ್ಕೇ ಮೂರು ಮೂರು ಕಿಲೋ ಡಂಬೆಲ್‌ಗಳನ್ನು ಎರಡೂ ಕೈ ಚಾಚಿ ಹಿಡಿಯುತ್ತಿದ್ದ.

ಇಲ್ಲಿ ಒಂದು ಎಚ್ಚರ ಬೇಕು. ಮಯೋಸ್ಟಾಟಿನ್ ಇಲ್ಲದ ಇಲಿಗಳ ಸ್ನಾಯು ದಪ್ಪವಾದಷ್ಟು ಅದರ ಬಲ ಏರುವುದಿಲ್ಲ ಎಂದು 2007ರ ಅಧ್ಯಯನ ತೋರಿಸಿತು. ಗಾತ್ರಕ್ಕೆ ಹೋಲಿಸಿದರೆ ಬಲ ಕುಗ್ಗಿತ್ತು. ಸ್ನಾಯುಕ್ಷಯದ ಮಕ್ಕಳಿಗೆಂದು ತಯಾರಿಸಿದ ಮಯೋಸ್ಟಾಟಿನ್ ತಡೆಯುವ ಔಷಧಿ ಡೊಮಾಗ್ರೊಜುಮ್ಯಾಬ್ ಉಪಯೋಗಕ್ಕೆ ಬರಲಿಲ್ಲವೆಂದು ಫೈಜರ್ ಕಂಪನಿ 2018ರಲ್ಲಿ ಪ್ರಯೋಗ ನಿಲ್ಲಿಸಿತು. ಗಾತ್ರವನ್ನೇ ಬಲವೆಂದು ತಿಳಿದದ್ದು ಈ ಕ್ಷೇತ್ರದ ದುಬಾರಿ ಎಡವಟ್ಟು.

ಬಲ ತಿಳಿಯುವುದು ಹೇಗೆ

ಹತ್ತು ಲೀಟರಿನ ತುಂಬಿದ ಕೊಡಪಾನ ಎತ್ತಿದ ಕೈಗೆ ಅದರ ತೂಕ ಏರಿದ್ದು ತಿಳಿಯಬೇಕಾದರೆ ಇನ್ನೂ ಒಂದು ಲೋಟ, ಸುಮಾರು ಕಾಲು ಲೀಟರ್, ನೀರು ಬೀಳಬೇಕು. ಒಂದು ಲೀಟರಿನ ತಂಬಿಗೆಗಾದರೆ ಎರಡು ಮೂರು ಚಮಚ ಸಾಕು. ಲೈಪ್‌ಜಿಗ್‌ನ ಪ್ರಾಧ್ಯಾಪಕ ಎರ್ನ್‌ಸ್ಟ್ ವೇಬರ್ 1834ರಲ್ಲೇ ಗುರುತಿಸಿದ ನಿಯಮ ಇದು: ಗುರುತಿಸಬಲ್ಲ ವ್ಯತ್ಯಾಸ ಮೂಲ ತೂಕದ ಒಂದು ನಿಶ್ಚಿತ ಭಾಗ, ಎತ್ತಿ ನೋಡುವಾಗ ಸುಮಾರು ನಲವತ್ತರಲ್ಲಿ ಒಂದು. ಕೈಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ತೂಕ ಇಡಿಸಿಕೊಂಡಾಗ ಇಷ್ಟು ಸೂಕ್ಷ್ಮ ಸಿಗುವುದಿಲ್ಲವೆಂದೂ ಅವರು ಗಮನಿಸಿದರು. ಚರ್ಮಕ್ಕೆ ಸಿಗದ ಮಾಹಿತಿ ಸ್ನಾಯುವಿಗೆ ಸಿಗುತ್ತದೆ ಎಂದಾಯಿತು.

ಆ ಮಾಹಿತಿ ಮುಖ್ಯವಾಗಿ ಎರಡು ಅಂಗಗಳಿಂದ ಬರುತ್ತದೆ. ಸ್ನಾಯುವಿನ ಒಳಗೆ, ತಂತುಗಳ ಜೊತೆಜೊತೆಗೆ ಮಲಗಿರುವ ಸ್ನಾಯುಕದಿರುಗಳು ಸ್ನಾಯು ಎಷ್ಟು ಹಿಗ್ಗಿದೆ, ಎಷ್ಟು ಬೇಗ ಹಿಗ್ಗುತ್ತಿದೆ ಎಂದು ಹೇಳುತ್ತವೆ. ಸ್ನಾಯು ಮೂಳೆಗೆ ಅಂಟುವ ಸ್ನಾಯುರಜ್ಜುವಿನ ಬಳಿ ಇರುವ, ಕ್ಯಾಮಿಲೊ ಗಾಲ್ಜಿ ಹೆಸರಿನ ಅಂಗಗಳು ಎಳೆತವನ್ನು, ಅಂದರೆ ಬಲವನ್ನೇ, ಅಳೆಯುತ್ತವೆ. ಇವು ಎಷ್ಟು ಸೂಕ್ಷ್ಮವೆಂದರೆ ಒಂದೇ ಚಾಲಕ ನರಕೋಶಕ್ಕೆ ಸೇರಿದ ತಂತುಗಳು ಎಳೆದರೂ ಸುದ್ದಿ ಕೊಡುತ್ತವೆ. ಇದರ ಜೊತೆಗೆ ಮೂರನೆಯದೊಂದಿದೆ: ಮಿದುಳು ಸ್ನಾಯುವಿಗೆ ಆಜ್ಞೆ ಕಳಿಸುವಾಗ ಅದರ ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆಜ್ಞೆ ದೊಡ್ಡದಾದಷ್ಟೂ ಪ್ರಯಾಸ ಹೆಚ್ಚು ಅನಿಸುತ್ತದೆ. 1977ರಲ್ಲಿ ಸೈಮನ್ ಗಾಂಡೀವಿಯಾ ಮತ್ತು ಇಯಾನ್ ಮೆಕ್‌ಲಾಸ್ಕಿ ಕ್ಯುರಾರೆ ಎಂಬ ಔಷಧಿಯಿಂದ ಸ್ನಾಯುವನ್ನು ಅರೆಬರೆ ದುರ್ಬಲಗೊಳಿಸಿ ತೂಕ ಎತ್ತಿಸಿದರು. ತೂಕ ಅಷ್ಟೇ ಇದ್ದರೂ ಅದು ಭಾರವಾಯಿತೆಂದು ಎತ್ತಿದವರು ಹೇಳಿದರು. ಸಿಲಿಂಡರ್ ಹೊತ್ತು ಎರಡು ಮಹಡಿ ಹತ್ತಿಳಿದವರಿಗೆ ಆಮೇಲೆ ತರಕಾರಿ ಚೀಲವೂ ಕಲ್ಲಿನಂತಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಬಲದ ಅರಿವಿಗೆ ಸಂವೇದಕ ಅಂಗಗಳ ವಂಶವಾಹಿಗಳಷ್ಟೇ ಸ್ನಾಯುವಿನ ವಂಶವಾಹಿಗಳೂ ಹೊಣೆ. ಸ್ನಾಯು ಸೊರಗಿದರೆ ಅದೇ ಕೆಲಸಕ್ಕೆ ದೊಡ್ಡ ಆಜ್ಞೆ ಬೇಕು, ಪ್ರಪಂಚವೇ ಭಾರವಾಗುತ್ತದೆ. ಸ್ನಾಯುರೋಗದ ಮಗು ಪುಸ್ತಕದ ಚೀಲ ಹೊರಲಾರೆನೆಂದು ಅತ್ತರೆ ಅದನ್ನು ಸೋಮಾರಿತನ ಎನ್ನುವುದು ತಪ್ಪು. ಆ ಮಗುವಿಗೆ ಚೀಲ ನಿಜವಾಗಿಯೂ ಹೆಚ್ಚು ಭಾರವಾಗಿಯೇ ಇದೆ.

ಅರಿವಿನ ವಂಶವಾಹಿಗಳು

ಭ್ರೂಣದಲ್ಲಿ ಈ ಸಂವೇದಕ ನರಕೋಶಗಳು ಬದುಕುಳಿಯಬೇಕಾದರೆ ಸ್ನಾಯುವಿನಿಂದ ಬರುವ ಎನ್‌ಟಿ-3 ಎಂಬ ಪೋಷಕ ಪ್ರೋಟೀನ್ ಬೇಕು. ಅದಿಲ್ಲದ ಇಲಿಮರಿಗಳಲ್ಲಿ ಕದಿರುಗಳೂ ಅವುಗಳ ನರಕೋಶಗಳೂ ಇಲ್ಲವಾಗುತ್ತವೆ. ಸ್ನಾಯು ಹೀಗೆ ನರವನ್ನು ಪೋಷಿಸಿದರೆ ನರ ಸ್ನಾಯುವಿಗೆ ಅದನ್ನು ಹಿಂದಿರುಗಿಸುತ್ತದೆ. ನರದ ತುದಿ ಎಳೆಯ ತಂತುವನ್ನು ಮುಟ್ಟಿ ನ್ಯೂರೆಗ್ಯುಲಿನ್ ಎಂಬ ಸಂದೇಶ ಕೊಟ್ಟಾಗ, ಆ ತಂತುವಿನಲ್ಲಿ ಇಜಿಆರ್-3 ಎಂಬ ವಂಶವಾಹಿ ಚಾಲೂ ಆಗಿ ಅದು ಕದಿರಿನ ತಂತುವಾಗಿ ಮಾರ್ಪಡುತ್ತದೆ. 1998ರಲ್ಲಿ ಇಜಿಆರ್-3 ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಅವು ತೂರಾಡುತ್ತಾ ನಡೆದವು.

ಎಳೆತವನ್ನು ವಿದ್ಯುತ್ ಸಂದೇಶವಾಗಿ ಬದಲಿಸುವ ಅಣು ಮಾತ್ರ 2010ರವರೆಗೂ ಸಿಕ್ಕಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯದ ಬರ್ಟ್ರಾಂಡ್ ಕೋಸ್ಟ್, ಚುಚ್ಚಿದರೆ ವಿದ್ಯುತ್ ಹೊಮ್ಮಿಸುವ ಒಂದು ಕೋಶದಲ್ಲಿ 72 ವಂಶವಾಹಿಗಳನ್ನು ಒಂದೊಂದಾಗಿ ಸುಮ್ಮನಾಗಿಸುತ್ತಾ ಹೋದರು. ಕೊನೆಯದರಲ್ಲಿ ಕೋಶ ಮೌನವಾಯಿತು. ಅದೇ ಪೀಜೋ-1. ಅದರ ಸೋದರ ಪೀಜೋ-2 ಸ್ಪರ್ಶಕ್ಕೂ ಅಂಗಗಳ ಸ್ಥಿತಿಯ ಅರಿವಿಗೂ ಬೇಕಾದದ್ದೆಂದು ಮುಂದೆ ತಿಳಿಯಿತು. 2021ರ ವೈದ್ಯವಿಜ್ಞಾನದ ನೊಬೆಲ್ ಪಟಪೂಟಿಯನ್ ಮತ್ತು ಡೇವಿಡ್ ಜೂಲಿಯಸ್ ಅವರಿಗೆ ಸಂದಿತು.

ಪೀಜೋ-2 ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಅಲೆಕ್ಸಾಂಡರ್ ಚೆಸ್ಲರ್ ಮತ್ತು ಸ್ನಾಯುನರ ರೋಗಗಳ ತಜ್ಞ ಕಾರ್ಸ್ಟೆನ್ ಬಾನೆಮನ್ ವಿವರಿಸಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಂದ ಇಬ್ಬರಲ್ಲಿ, ಒಬ್ಬಳು ಬಾಲಕಿ, ಇನ್ನೊಬ್ಬಳು ಯುವತಿ, ಈ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದವು. ಕಣ್ಣು ತೆರೆದಿದ್ದಾಗ ಅವರು ನಡೆಯುತ್ತಿದ್ದರು, ಕಷ್ಟಪಟ್ಟಾದರೂ. ಕಣ್ಣಿಗೆ ಬಟ್ಟೆ ಕಟ್ಟಿದ ಕೂಡಲೇ ಕಾಲು ತಡವರಿಸಿ, ಪಕ್ಕದವರು ಹಿಡಿಯದಿದ್ದರೆ ಬೀಳುವಂತಾಗುತ್ತಿತ್ತು. ಎದುರಿನ ಗುರಿಯನ್ನು ಬೆರಳಿನಿಂದ ಮುಟ್ಟಲು ಹೇಳಿದರೆ ಕಣ್ಣು ತೆರೆದಾಗ ಮುಟ್ಟುತ್ತಿದ್ದರು, ಮುಚ್ಚಿದಾಗ ಬೆರಳು ಎಲ್ಲೋ ಹೋಗುತ್ತಿತ್ತು. ವೈದ್ಯರು ಬೆರಳನ್ನು ಮೇಲೆ ಎತ್ತಿದರೋ ಕೆಳಗೆ ತಗ್ಗಿಸಿದರೋ ಹೇಳಲಾಗುತ್ತಿರಲಿಲ್ಲ. ಮಿಡಿಯುವ ಶ್ರುತಿಕವೆಯನ್ನು ಚರ್ಮಕ್ಕಿಟ್ಟರೆ ಅದರ ಕಂಪನ ಗೊತ್ತಾಗುತ್ತಿರಲಿಲ್ಲ. ಇಬ್ಬರ ಬೆನ್ನುಮೂಳೆಯೂ ಡೊಂಕಾಗಿತ್ತು. ಸ್ನಾಯುಕ್ಷಯದಂತೆ ಕಾಣುತ್ತಿದ್ದ ತೊಂದರೆಯ ಬೇರು ಹೀಗೆ ಅರಿವಿನ ಅಂಗದಲ್ಲಿತ್ತು.

ಪೀಜೋ-2 ಅತಿಯಾಗಿ ಕೆಲಸ ಮಾಡಿದರೂ ಅಪಾಯ. ಕೀಲುಗಳು ಮಡಚಿಕೊಂಡೇ ಹುಟ್ಟುವ ಒಂದು ಬಗೆಯ ಕಾಯಿಲೆಗೆ ಅದು ಕಾರಣ. 2023ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನದಂತೆ, ತಪ್ಪು ಸಂವೇದಕ ನರಕೋಶದಲ್ಲಿದ್ದರೂ ಗಿಡ್ಡವಾಗುವುದು ಸ್ನಾಯುರಜ್ಜು. ಪೀಜೋ-1 ಸ್ನಾಯುರಜ್ಜುವಿನ ಬಿಗಿತವನ್ನು ನಿರ್ಧರಿಸುವುದರಲ್ಲಿ ಪಾಲು ಪಡೆಯುತ್ತದೆ. ಅದರ ಹೆಚ್ಚು ಚುರುಕಾದ ಒಂದು ರೂಪ ಇರುವವರು ಕೆಲವು ಜಿಗಿತದ ಪರೀಕ್ಷೆಗಳಲ್ಲಿ ಮುಂದಿದ್ದರು ಎಂದು 2021ರ ವರದಿ ಹೇಳುತ್ತದೆ.

ರೋಗದಲ್ಲಿ ಎರಡೂ ಕೂಡಿದಾಗ

ಡುಶೆನ್ ಸ್ನಾಯುಕ್ಷಯ ಸುಮಾರು ಐದು ಸಾವಿರ ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುತ್ತದೆ. ಎಕ್ಸ್ ವರ್ಣತಂತುವಿನ ಮೇಲಿರುವ ಡಿಸ್ಟ್ರೋಫಿನ್ ವಂಶವಾಹಿ ಕೆಟ್ಟಿರುವುದು ಇದರ ಕಾರಣ. 1987ರಲ್ಲಿ ಬಾಸ್ಟನ್ನಿನ ಲೂಯಿಸ್ ಕುಂಕೆಲ್ ಅವರ ತಂಡ ಇದರ ಪ್ರೋಟೀನನ್ನು ಗುರುತಿಸಿತು. ಸುಮಾರು 22 ಲಕ್ಷ ಅಕ್ಷರ ಉದ್ದದ ಈ ವಂಶವಾಹಿಯನ್ನು ಒಮ್ಮೆ ಆರ್‌ಎನ್‌ಎಗೆ ನಕಲು ಮಾಡಲು ಕೋಶಕ್ಕೆ 16 ಗಂಟೆ ಬೇಕು. ನೆಲದ ಮೇಲೆ ಕೂತ ನಾಲ್ಕೈದು ವರ್ಷದ ಹುಡುಗ ಏಳುವ ರೀತಿಯಲ್ಲೇ ರೋಗ ಕಾಣುತ್ತದೆ. ಅವನು ಮೊದಲು ಬೋರಲಾಗುತ್ತಾನೆ, ಕೈಕಾಲು ನಾಲ್ಕನ್ನೂ ಊರುತ್ತಾನೆ, ಸೊಂಟ ಮೇಲೆತ್ತುತ್ತಾನೆ, ಆಮೇಲೆ ಒಂದು ಕೈಯನ್ನು ಮೊಣಕಾಲಿಗೆ, ಇನ್ನೊಂದನ್ನು ತೊಡೆಗೆ ಊರಿ, ತನ್ನ ಕಾಲನ್ನೇ ಹಿಡಿದು ಹತ್ತಿದಂತೆ ನಿಲ್ಲುತ್ತಾನೆ. ವಿಲಿಯಂ ಗವರ್ಸ್ 19ನೆಯ ಶತಮಾನದಲ್ಲಿ ವಿವರಿಸಿದ ಈ ಚಿಹ್ನೆ ಇಂದಿಗೂ ಮೊದಲ ಸುಳಿವು. ಇಂಥ ಮಗುವಿನ ಮೀನಖಂಡ ತುಂಬ ದಪ್ಪಗಿರುವುದರಿಂದ ಮನೆಯವರು ಮಗು ಗಟ್ಟಿಮುಟ್ಟಾಗಿದೆ ಎಂದುಕೊಂಡು ವರ್ಷಗಳನ್ನು ಕಳೆದುಬಿಡುತ್ತಾರೆ. ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಪರೀಕ್ಷೆ ಅಗ್ಗದ್ದು, ಅದನ್ನು ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯುನರ ರೋಗಗಳ ಪರೀಕ್ಷೆ ಮತ್ತು ಸಲಹೆ ದೊರೆಯುತ್ತದೆ.

ಡಿಸ್ಟ್ರೋಫಿನ್ ಕದಿರಿನ ತಂತುಗಳಲ್ಲೂ ಇದೆ. ಅದಿಲ್ಲದ ಇಲಿಗಳ ಕದಿರುಗಳು ಸ್ನಾಯು ಸುಮ್ಮನಿದ್ದಾಗಲೂ ಹೆಚ್ಚು ಸಂದೇಶ ಕಳಿಸುತ್ತವೆ ಎಂದು 2020ರಲ್ಲಿ ಮ್ಯೂನಿಕ್‌ನ ತಂಡ ತೋರಿಸಿತು. ಈ ಮಕ್ಕಳು ಮತ್ತೆಮತ್ತೆ ಬೀಳುವುದರಲ್ಲಿ ದುರ್ಬಲ ಸ್ನಾಯುವಿನ ಜೊತೆ ತಪ್ಪು ಸುದ್ದಿಯ ಪಾಲೂ ಇರಬಹುದು. ಚಿಕಿತ್ಸೆಯ ಪ್ರಯೋಗಗಳಲ್ಲಿ ಇದನ್ನು ಅಳೆಯದಿರುವುದು ದೊಡ್ಡ ಕೊರತೆ. 2023ರಲ್ಲಿ ಅಮೆರಿಕ ಒಪ್ಪಿದ ಚಿಕ್ಕ ಡಿಸ್ಟ್ರೋಫಿನ್ನಿನ ವಂಶವಾಹಿ ಚಿಕಿತ್ಸೆಯ ಮೇಲೆ ಅಪಾರ ಭರವಸೆ ಇತ್ತು. ಯಕೃತ್ತು ವಿಫಲವಾಗಿ ಸಾವುಗಳು ಸಂಭವಿಸಿದ ಮೇಲೆ 2025ರಲ್ಲಿ ಅದರ ಬಳಕೆಗೆ ಮಿತಿ ಬಿತ್ತು.

ಮೂಲ ಸಂಶೋಧನೆಯಲ್ಲಿ ಬೆಂಗಳೂರಿನ ಪಾಲು ಗಮನಾರ್ಹ. ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಕೆ. ವಿಜಯರಾಘವನ್ ಅವರ ತಂಡ ಹಣ್ಣುನೊಣದ ಹಾರಾಟದ ಸ್ನಾಯುಗಳು ಬೆಳೆಯುವ ಬಗೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿ, ಬೆಳೆದ ನೊಣದಲ್ಲೂ ಸ್ನಾಯು ದುರಸ್ತಿಯ ಆಕರಕೋಶಗಳಿವೆ ಎಂದು 2017ರಲ್ಲಿ ತೋರಿಸಿತು. ಅಲ್ಲಿಯೇ ಪಕ್ಕದ ಇನ್‌ಸ್ಟೆಮ್ ಮತ್ತು ಹೈದರಾಬಾದಿನ ಸಿಸಿಎಂಬಿಯಲ್ಲಿ ಜ್ಯೋತ್ಸ್ನಾ ಧವನ್, ಇಂಥ ಆಕರಕೋಶಗಳು ಗಾಯವಾಗುವವರೆಗೆ ತಮ್ಮ ವಂಶವಾಹಿಗಳನ್ನು ಹೇಗೆ ಸುಪ್ತವಾಗಿಡುತ್ತವೆ ಎಂಬುದರ ಮೇಲೆ ಕೆಲಸ ಮಾಡಿದ್ದಾರೆ.

ವಯಸ್ಸು

ಇಪ್ಪತ್ತರಿಂದ ಎಂಬತ್ತರ ನಡುವೆ ತೊಡೆಯ ಹೊರಸ್ನಾಯುವಿನ ಗಾತ್ರ ಸುಮಾರು ಶೇ. 40ರಷ್ಟು ಕುಗ್ಗುತ್ತದೆ. ಮೊದಲು ಸೊರಗುವುದು ವೇಗದ ತಂತುಗಳು. ಎಡವಿದಾಗ ತಟ್ಟನೆ ಕಾಲೂರಿ ಬೀಳದಂತೆ ತಡೆಯುವುದು ಇವೇ. 2015ರಲ್ಲಿ ಪ್ರಕಟವಾದ, 17 ದೇಶಗಳ 1,39,691 ಜನರ ‘ಪ್ಯೂರ್’ ಅಧ್ಯಯನದಲ್ಲಿ ಹಿಡಿತದ ಬಲ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಇದರಲ್ಲಿ ಪಾಲ್ಗೊಂಡಿತ್ತು.

ಆದರೆ ಮುಪ್ಪಿನ ಸ್ನಾಯುವಿನ ವಂಶವಾಹಿಗಳು ಕಿವುಡಾಗಿರುವುದಿಲ್ಲ. 2007ರ ಅಧ್ಯಯನವೊಂದರಲ್ಲಿ ಆರು ತಿಂಗಳು ಭಾರ ಎತ್ತಿದ ಹಿರಿಯರ ಸ್ನಾಯುವಿನಲ್ಲಿ, ಮುಪ್ಪಿನಿಂದ ಬದಲಾಗಿದ್ದ ಅನೇಕ ವಂಶವಾಹಿಗಳ ಚಟುವಟಿಕೆ ಯುವಕರ ಮಟ್ಟದ ಕಡೆಗೆ ಮರಳಿತು. ಅದಕ್ಕೂ ಮೊದಲು, 1990ರಲ್ಲಿ, ಮಾರಿಯಾ ಫಿಯಾಟರೋನ್ ಬಾಸ್ಟನ್ನಿನಲ್ಲಿ ಸರಾಸರಿ 90 ವಯಸ್ಸಿನ, ದುರ್ಬಲರಾದ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ತರಬೇತಿ ಮುಗಿಸಿದ 9 ಜನರ ಬಲ ಸರಾಸರಿ ಶೇ. 174ರಷ್ಟು ಏರಿತು, ತೊಡೆಯ ಸ್ನಾಯುವಿನ ಗಾತ್ರ ಏರಿದ್ದು ಸುಮಾರು ಶೇ. 9 ಮಾತ್ರ. ಮಿಕ್ಕ ಗಳಿಕೆಯಲ್ಲಿ ದೊಡ್ಡ ಪಾಲು ನರಮಂಡಲದ್ದು.

ಮಗುವಿನ ಎಂಜಲು ಕಳಿಸಿದರೆ ಅದಕ್ಕೊಪ್ಪುವ ಆಟ ಯಾವುದೆಂದು ಹೇಳುತ್ತೇವೆ ಎನ್ನುವ ವಂಶವಾಹಿ ಪರೀಕ್ಷೆಗಳು ಈಗ ಮಾರಾಟಕ್ಕಿವೆ. ಪ್ರತಿಭೆ ಗುರುತಿಸುವುದಕ್ಕೆ ಇವನ್ನು ಬಳಸಬಾರದೆಂದು 2015ರಲ್ಲೇ ಕ್ರೀಡಾ ವೈದ್ಯವಿಜ್ಞಾನಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಹಣಕ್ಕೆ ನಮ್ಮ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹಿಡಿತದ ಬಲ ಅಳೆಯುವ ಒಂದು ಉಪಕರಣ ಕೊಡಿಸಿದರೆ ಹೆಚ್ಚು ಜನಕ್ಕೆ ಉಪಯೋಗ. ಅರವತ್ತು ದಾಟಿದವರ ಕೈಯಿಂದ ಕೊಡ, ಚೀಲ ಕಿತ್ತುಕೊಂಡು ಕುಳ್ಳಿರಿಸುವ ಪ್ರೀತಿಯ ರೂಢಿಯನ್ನೂ ಬಿಡಬೇಕು. ಹೃದಯ, ಕೀಲುಗಳನ್ನು ವೈದ್ಯರಿಂದ ಪರೀಕ್ಷಿಸಿಕೊಂಡು ವಾರಕ್ಕೆ ಎರಡು ಮೂರು ದಿನ ಆ ಹಿರಿಯರಿಂದ ಭಾರ ಎತ್ತಿಸಬೇಕು.